ಜಾಗ ಹಿಡಿದು ಕೂತ ಶುಕ್ರವಾರ

೧೯೪೭ರ ದೀಪಾವಳಿ ಮುಗಿದ ವಾರ ಆಳಂದದ ಸಂತೆ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಎದ್ದಿತು. ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದ ವಾಮನರಾಯನ ಹೆಂಡತಿ ವತ್ಸಲಾಬಾಯಿಗೆ ಆಗ ಇಪ್ಪತ್ತೆಂಟು ವರ್ಷ. ಅಲ್ಲಿಯವರೆಗೆ ಆಕೆ ಒಂದೂ ಸಿನಿಮಾ ನೋಡಿದವಳಲ್ಲ. ಗಂಡನಿಗೆ ಅದರ ಗೊಡವೆ ಬೇಕಿರಲಿಲ್ಲ, ಒಬ್ಬಳೇ ಹೋಗುವ ಧೈರ್ಯ ಆಕೆಗಿರಲಿಲ್ಲ. ಆಕೆಯನ್ನೂ ಏಳು ವರ್ಷದ ಮಗಳು ಪ್ರಮಿಲಾಳನ್ನೂ ಕೈಹಿಡಿದು ಎಳೆದುಕೊಂಡು ಹೋದವಳು ಪಕ್ಕದ ಮನೆಯ ಶಮ್ಸುನ್ನಿಸಾ.

ಎರಡೂ ಮನೆಗಳ ಹಿತ್ತಲಿಗೆ ಒಂದೇ ಮೋಟುಗೋಡೆ. ಶಮ್ಸುನ್ನಿಸಾ ನಾಲ್ಕು ವರ್ಷ ದೊಡ್ಡವಳಾದ್ದರಿಂದ ವತ್ಸಲಾ ಆಕೆಯನ್ನು ಆಪಾ ಎನ್ನುತ್ತಿದ್ದಳು. ಶಮ್ಸುನ್ನಿಸಾಳ ಗಂಡ ಗೌಸಮೊಹಿದ್ದೀನ ತಹಸೀಲ್ ಕಚೇರಿಯಲ್ಲಿ ಕಾರಕೂನ. ಅವರಿಗೆ ಮಕ್ಕಳಿರಲಿಲ್ಲ. ಪ್ರಮಿಲಾ ದಿನದ ಅರ್ಧ ಹೊತ್ತು ಗೋಡೆಯ ಆ ಕಡೆಗೇ ಇರುತ್ತಿದ್ದಳು. ಮಡಿಯ ಮನೆಯವಳಾದ ವತ್ಸಲಾ ಮಾತ್ರ ಅಲ್ಲಿ ನೀರು ಕುಡಿಯುತ್ತಿರಲಿಲ್ಲ.

ಡೇರೆಯಲ್ಲಿ ಹೆಂಗಸರ ಕಡೆಗೆ ಒಂದು ಪರದೆ ಕಟ್ಟಿ, ನೆಲಕ್ಕೆ ಗೋಣಿತಟ್ಟು ಹಾಸಿದ್ದರು. ಚಿತ್ರ ಹಿಂದುಸ್ತಾನಿ ಭಾಷೆಯದು. ಒಂದು ಕೂಡುಕುಟುಂಬದ ಕಥೆ. ಹಿರಿಯ ಸೊಸೆಯನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಕಡೆಗೆ ಮೈದುನನ ತಾಯಿಯಿಲ್ಲದ ಮಗುವನ್ನು ಆಕೆಯೇ ಸಾಕುತ್ತಾಳೆ. ವತ್ಸಲಾಗೆ ಮಾತು ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಶಮ್ಸುನ್ನಿಸಾ ಆಕೆಯ ಕಿವಿಯ ಹತ್ತಿರ ಬಾಗಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ಹಿಂದೆ ಕೂತವರು, "ನಮಗೂ ಕೇಳೂಹಂಗ ಹೇಳ್ರಿ" ಎಂದರು. ಆಮೇಲೆ ಆಕೆ ದನಿ ಏರಿಸಿಯೇ ಹೇಳಿದಳು.

ಆದರೆ ಎಲ್ಲರೂ ಕಾಯುತ್ತಿದ್ದುದು ಚಿತ್ರಕ್ಕಿಂತ ಮೊದಲು ಬರುತ್ತಿದ್ದ ಐದಾರು ನಿಮಿಷದ ಪರದೇಶದ ತುಣುಕಿಗೆ. ಕೈಯಿಂದ ಬರೆದ ಬೊಂಬೆಗಳು ಜೀವ ಬಂದಂತೆ ಓಡಾಡುವ ಚಿತ್ರ ಅದು. ಒಂದು ಕರಡಿ ಬಾವಿಯಿಂದ ನೀರು ಸೇದಲು ಹೋಗುತ್ತದೆ. ಬಕೀಟು ಅದನ್ನೇ ಒಳಗೆಳೆದುಕೊಂಡು ಬಿಡುತ್ತದೆ. ಅದರಲ್ಲಿ ಮಾತಿರಲಿಲ್ಲ, ಬರೀ ವಾದ್ಯ. ಮಾತನ್ನು ಶಮ್ಸುನ್ನಿಸಾ ಹಾಕಿದಳು.

"ಮುಂಜಾನಿಂದ ಒಂದ ಕೊಡ ನೀರ ಸಿಕ್ಕಿಲ್ಲ. ಹಗ್ಗ ಗಟ್ಟಿ ಹಿಡಕೋ ಬೇ, ನೀ ಬಿಟ್ಟೀ ಅಂದ್ರ ನಾ ಸತ್ತೇನಿ" ಎಂದು ಆಕೆ ದಪ್ಪ ದನಿಯಲ್ಲಿ ಅಂದಾಗ ಹೆಂಗಸರ ಕಡೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಪರದೆಯ ಆಚೆ ಗಂಡಸರು ಸುಮ್ಮನಾಗಿ ಕಿವಿಗೊಟ್ಟರು. ಪ್ರಮಿಲಾ ನಕ್ಕು ನಕ್ಕು ತಾಯಿಯ ತೊಡೆಯ ಮೇಲೆ ಉರುಳಿದಳು.

ಡೇರೆ ನಡುವೆ ಅಫಜಲಪುರಕ್ಕೆ ಹೋಗಿ, ಸಂಕ್ರಮಣದ ಹೊತ್ತಿಗೆ ತಿರುಗಿ ಬಂತು. ಅವರು ಅದೇ ಚಿತ್ರವನ್ನು ನಾಲ್ಕು ಸಲ ನೋಡಿದರು.

ಅಷ್ಟರಲ್ಲಿ ಊರಿನ ಗಾಳಿ ಕೆಟ್ಟಿತ್ತು. ನಿಜಾಮರ ರಾಜ್ಯ ಹಿಂದುಸ್ತಾನಕ್ಕೆ ಸೇರುವುದೋ ಇಲ್ಲವೋ ಎಂಬ ಮಾತು ಜಗಳವಾಗಿ, ಜಗಳ ಹೊಡೆದಾಟವಾಗಿ, ನಿಜಾಮರ ಪರ ನಿಂತ ರಜಾಕಾರರ ಭಯಕ್ಕೆ ಜನ ಒಂದೊಂದೇ ಮನೆಗೆ ಬೀಗ ಹಾಕಿ ಗಡಿ ದಾಟುತ್ತಿದ್ದರು. ಶಿವರಾತ್ರಿಗೆ ಮುಂಚಿನ ಬುಧವಾರ ವಾಮನರಾಯ ಹೆಂಡತಿಯನ್ನು ಅಡಿಗೆಮನೆಗೆ ಕರೆದು ಸಣ್ಣ ದನಿಯಲ್ಲಿ ಹೇಳಿದ.

"ಶುಕ್ರವಾರ ಡೇರೆದ ಕಡೀ ಆಟ. ದೀಪ ಹಚ್ಚೂ ಹೊತ್ತಿಗೆ ಮಂದಿ ಎಲ್ಲಾ ಅಲ್ಲಿರ್ತದ. ಆಗ ನಾವು ಬಂಡಿ ಹೂಡಿ ಹಿರೋಳ್ಳಿ ಮ್ಯಾಲಿಂದ ಸೊಲ್ಲಾಪುರಕ್ಕ ಹೋಗೋಣು. ಯಾರಿಗೂ ಹೇಳಬ್ಯಾಡ."

"ಆಪಾಗೂ ಬ್ಯಾಡೇನ್ರಿ?"

"ಆಕಿ ಗಂಡ ನಿಜಾಮರ ಕಚೇರ್ಯಾಗ ಇದ್ದಾನ. ಆಕಿಗಂತೂ ಹೇಳಲೇ ಬ್ಯಾಡ."

ಮರುದಿನ ಗೋಡೆಯ ಮೇಲಿಂದ ಶಮ್ಸುನ್ನಿಸಾ ಕರೆದಳು. "ನಾಳಿಗೆ ಮುಗೀತದ, ವತ್ಸಲಾ. ಕರಡಿದೂ ಹಾಕ್ರಿ ಅಂತ ಡೇರೆದವಗ ಹೇಳಿ ಕಳಸೇನಿ. ಬರ್ತಿಯಿಲ್ಲ ಬೇ?"

ತಲೆ ನೋಯುತ್ತಿದೆ ಎನ್ನಬಹುದಿತ್ತು. ಆದರೆ ಒಲ್ಲೆ ಎಂದರೆ ಆಕೆ ಯಾಕೆ ಎಂದು ಕೇಳುತ್ತಾಳೆ, ಸಂಜೆ ನೋಡಲು ಬರುತ್ತಾಳೆ, ಬಂಡಿ ಕಾಣುತ್ತದೆ. ವತ್ಸಲಾ ತೊಳೆಯುತ್ತಿದ್ದ ಪಾತ್ರೆಯಿಂದ ಕಣ್ಣೆತ್ತದೆ ಅಂದಳು: "ಬರ್ತೇನಿ ಆಪಾ. ನೀವು ಮುಂದ ಹೋಗಿ ನಮ್ಮಿಬ್ಬರಿಗೂ ಜಾಗಾ ಹಿಡೀರಿ."

ಶುಕ್ರವಾರ ಸಂಜೆ ಪ್ರಮಿಲಾ ಸಿನಿಮಾಕ್ಕೆಂದು ಹಸಿರು ಲಂಗ ಉಟ್ಟು ನಿಂತಿದ್ದಳು. ಬಂಡಿ ಡೇರೆಯ ದಾರಿ ಬಿಟ್ಟು ಊರಾಚೆ ತಿರುಗಿದಾಗ ಅಳತೊಡಗಿದಳು. ವತ್ಸಲಾ ಮಗಳ ಬಾಯಿಗೆ ಸೆರಗು ಒತ್ತಿ ಹಿಡಿದು, ಗಡಿಯ ಹಿರೋಳ್ಳಿ ದಾಟುವವರೆಗೂ ಬಿಡಲಿಲ್ಲ.

ಸೊಲ್ಲಾಪುರದಲ್ಲಿ ಒಂದು ವಾಡೆಯಲ್ಲಿ ಬಾಡಿಗೆಯ ಖೋಲಿ ಸಿಕ್ಕಿತು. ಬೇಸಿಗೆಯಲ್ಲಿ ವಾಮನರಾಯ ಮಗಳ ಹಟಕ್ಕೆ ಸೋತು ಇಬ್ಬರನ್ನೂ ಸಿನಿಮಾಕ್ಕೆ ಕರೆದೊಯ್ದ. ಪಕ್ಕಾ ಕಟ್ಟಡ, ಮೇಲೆ ಪಂಖ, ಕೂರಲು ಕುರ್ಚಿ. ಅಲ್ಲಿಯೂ ಮೊದಲು ಬೊಂಬೆಯ ಚಿತ್ರವೊಂದು ಬಂತು. ಒಂದು ಹುಂಜ ಛತ್ರಿ ಹಿಡಿದು ಗಾಳಿಗೆ ಹಾರುತ್ತಿತ್ತು. ಸುತ್ತಲಿನವರು ನಕ್ಕರು.

"ಅವ್ವಾ, ಅದು ಏನ ಅನ್ನಾಕತ್ತದ?" ಎಂದಳು ಪ್ರಮಿಲಾ.

"ಏನೂ ಅನ್ನಂಗಿಲ್ಲ. ಬರೇ ಚಿತ್ರ ಅದ."

"ಶಮ್ಸು ಖಾಲಾ ಇದ್ರ ಹೇಳತಿದ್ಲು."

ಆಮೇಲೆ ಬಂದ ದೊಡ್ಡ ಚಿತ್ರದಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದು ವತ್ಸಲಾಳ ತಲೆಗೆ ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಸೈನ್ಯ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ದಸರಾ ಕಳೆದ ಮೇಲೆ ಅವರು ಆಳಂದಕ್ಕೆ ಮರಳಿದರು. ಮನೆಯ ಬೀಗ ಹಾಕಿದಂತೆಯೇ ಇತ್ತು. ಒಳಗೆ ಒಂದು ಚಮಚವೂ ಹೋಗಿರಲಿಲ್ಲ. ಗೋಡೆಯ ಆಚೆಯ ಮನೆಗೆ ಬಾಗಿಲೇ ಇರಲಿಲ್ಲ.

ಎದುರುಮನೆಯ ಶಾರದಾಬಾಯಿ ನಡೆದದ್ದನ್ನು ಹೇಳಿದಳು. ಆ ಶುಕ್ರವಾರದ ಮರುದಿನ ನಾಲ್ಕು ಜನ ರಜಾಕಾರರು ಬಂದು ವಾಮನರಾಯನ ಬೀಗ ಒಡೆಯಲು ನಿಂತಿದ್ದರು. ಗೌಸಮೊಹಿದ್ದೀನ ಅಡ್ಡ ಬಂದ. "ಲಗ್ನಕ್ಕ ಹೋಗ್ಯಾರ, ಕೀಲಿ ನಮ್ಮ ಮನ್ಯಾಗ ಅದ, ಹೋಗ್ರಿ" ಎಂದು ಅವರನ್ನು ಕಳಿಸಿದ. ಸೆಪ್ಟೆಂಬರಿನಲ್ಲಿ ಸೈನ್ಯ ಬಂದ ಮೇಲೆ, ರಜಾಕಾರರ ಮೇಲಿನ ಸೇಡಿಗೆ ಬೇರೆ ಜನ ಬಂದು ಅವನನ್ನು ಮನೆಯಿಂದ ಎಳೆದುಕೊಂಡು ಹೋದರು. ಅವನು ತಿರುಗಿ ಬರಲಿಲ್ಲ.

"ಓಣ್ಯಾಗ ಯಾರೂ ಅಡ್ಡ ಬರಲಿಲ್ಲೇನು?" ಎಂದಳು ವತ್ಸಲಾ.

ಶಾರದಾಬಾಯಿ ಕೈಯಲ್ಲಿದ್ದ ಮೊರವನ್ನು ನೋಡಿದಳು. "ನಾವು ಬಾಗಲಾ ಹಾಕ್ಕೊಂಡಿದ್ವಿ ವೈನಿ. ಆಕಿ ಈಗ ಜೇವರ್ಗ್ಯಾಗ ತಮ್ಮನ ಮನ್ಯಾಗ ಇದ್ದಾಳಂತ."

ಅಲ್ಲಿಗೆ ಕರೆದೊಯ್ಯಲು ವತ್ಸಲಾ ಒಂದು ತಿಂಗಳು ಗಂಡನ ಬೆನ್ನು ಹತ್ತಿದಳು. ಕೊನೆಗೆ ಅವನು ಕೋರ್ಟಿನ ಕೆಲಸಕ್ಕೆ ಆ ಕಡೆ ಹೊರಟಾಗ ಆಕೆಯೂ ಹೊರಟಳು. ಕಲಬುರ್ಗಿಯಲ್ಲಿ ಬಸ್ಸು ಬದಲಿಸಿ, ಭೀಮಾ ನದಿ ದಾಟಿ ಜೇವರ್ಗಿ ಮುಟ್ಟಿದಾಗ ಮಧ್ಯಾಹ್ನ. ತಮ್ಮ ರಸೂಲನ ಮನೆಯ ಪಡಸಾಲೆಯಲ್ಲಿ ಶಮ್ಸುನ್ನಿಸಾ ಹೊಲಿಯುತ್ತ ಕೂತಿದ್ದಳು. ಸಣ್ಣಗಾಗಿದ್ದಳು. ವತ್ಸಲಾಳನ್ನು ಕಂಡು ಎದ್ದು ಚಾಪೆ ಹಾಸಿದಳು.

"ಬರ್ರಿ ಬಾಯಿ, ಕೂಡ್ರಿ. ಬಿಸಲಾಗ ಬಂದೀರಿ. ಬಾಜೂಕಿನ ಮಲ್ಕಪ್ಪನ ಮನಿಂದ ನೀರ ತರಸ್ತೇನಿ."

"ನಿಮ್ಮ ಮನೀ ನೀರ ಕುಡೀತೇನಿ ಆಪಾ."

"ಬ್ಯಾಡ್ರಿ. ಇಷ್ಟ ದಿನ ಕುಡದಿಲ್ಲ, ಈಗ ಯಾಕ."

ಮಲ್ಕಪ್ಪನ ಮನೆಯ ತಂಬಿಗೆ ಬಂತು. ವತ್ಸಲಾ ಅದನ್ನು ಮುಟ್ಟಲಿಲ್ಲ.

"ಆವತ್ತ ನಾ ಸುಳ್ಳ ಹೇಳಿದೆ" ಎಂದಳು ಕಡೆಗೆ.

"ಹೋಗಿದ್ದು ತಪ್ಪಲ್ಲ. ಕೂಸ ಇದ್ದೋರು ಹೋಗಬೇಕು. ನಿಮ್ಮ ಜಾಗಾದಾಗ ಇದ್ದಿದ್ರ ನಾನೂ ಹೋಗ್ತಿದ್ದೆ." ಶಮ್ಸುನ್ನಿಸಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಖರೆ, ಬರ್ತೇನಿ ಅಂದ್ರಿ. ನಾ ಓಢಣಿ ಹಾಸಿ ಜಾಗಾ ಹಿಡದೆ. ಕೂಡಾಕ ಬಂದವರ ಕೂಡ ಜಗಳಾಡಿದೆ. ಕರಡಿದು ಹಾಕಿದ್ರು. ಆಪಾ ಮಾತಾಡ್ರಿ ಅಂದ್ರು ಎಲ್ಲಾರೂ. ಪ್ರಮಿಲಾ ಬರ್ಲಿ ತಡೀರಿ ಅಂದೆ. ಅದು ಮುಗದೇ ಹೋತು."

ಶಮ್ಸುನ್ನಿಸಾ ಮತ್ತೆ ಸೂಜಿ ತೆಗೆದುಕೊಂಡಳು.

"ಮನಿಗೆ ಬಂದು ನೋಡಿದ್ರ ಬೀಗ. ನಮ್ಮವರು ಒಂದ ಮಾತ ಕೇಳಿದ್ರು. ಮಂದಿಗೆ ಹೆದರಿ ಹೋಗ್ಯಾಳ, ಸರಿ. ನಿನಗೂ ಹೆದರಿದಳೇನು, ಅಂದ್ರು. ನಾ ಇಲ್ಲ ಅಂದೆ. ಖರೇನೋ ಸುಳ್ಳೋ ನೀವ ಹೇಳ್ರಿ."

ವತ್ಸಲಾ ಇಲ್ಲ ಎನ್ನಲು ಬಾಯಿ ತೆರೆದಳು. ಆ ಗುರುವಾರ ತಾನು ಹೆದರಿದ್ದು ಯಾರಿಗೆ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಮತ್ತೊಂದು ಸುಳ್ಳು ಹೇಳುವ ಬಲ ಆಕೆಯಲ್ಲಿ ಇರಲಿಲ್ಲ. ಅತ್ತಳು. ಶಮ್ಸುನ್ನಿಸಾ ತಡೆಯಲೂ ಇಲ್ಲ, ತಾನು ಅಳಲೂ ಇಲ್ಲ.

ಹೊರಡುವಾಗ ವತ್ಸಲಾ ಕೇಳಿದಳು: "ಪ್ರಮಿಲಾ ದಿನಾ ನಿಮ್ಮನ್ನ ನೆನಸ್ತಾಳ. ಮುಂದಿನ ಸಲ ಕರ್ಕೊಂಡು ಬರ್ಲೇನು?"

"ಬ್ಯಾಡ್ರಿ. ಆಕಿ ಕರಡಿ ಹಂಗ ಮಾತಾಡು ಅಂತಾಳ. ನನ್ನ ಕೈಲೆ ಆಗಂಗಿಲ್ಲ." ಬಾಗಿಲ ತನಕ ಬಂದು, "ಸಾಲಿಗೆ ಹಾಕ್ರಿ ಆಕಿನ್ನ" ಎಂದಳು.

ಬಸ್ ಸ್ಟ್ಯಾಂಡಿನಲ್ಲಿ ವಾಮನರಾಯ ಕೈಚೀಲ ಹಿಡಿದು ಕಾಯುತ್ತಿದ್ದ. ಅವನೂ ಆ ತಿಂಗಳೆಲ್ಲ ಸರಿಯಾಗಿ ಉಂಡಿರಲಿಲ್ಲ.

"ಏನಂದ್ಲು?"

"ಹೋಗಿದ್ದು ತಪ್ಪಲ್ಲ ಅಂದ್ಲು."

ಅವನು ಉಸಿರು ಬಿಟ್ಟು, "ಒಳ್ಳೇ ಹೆಣ್ಣಮಗಳು" ಎಂದ. ಕಲಬುರ್ಗಿಯ ಬಸ್ಸು ಬಂದಾಗ ಹೆಂಡತಿಯನ್ನು ಮೊದಲು ಹತ್ತಿಸಿ, ತಾನು ಪಕ್ಕದಲ್ಲಿ ಕೂತು, ನದಿ ಬರುವ ಮೊದಲೇ ನಿದ್ದೆ ಹೋದ. ಉಳಿದ ಮಾತನ್ನು ವತ್ಸಲಾ ಅವನಿಗೆ ಆ ದಿನವೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.