ಒಬ್ಬರ ವಿರೋಧ

ಬೀದರಿನ ಮಾಂಜ್ರಾ ವಕೀಲರ ಸಂಘದಲ್ಲಿ ಸಭೆಯ ನಡಾವಳಿ ಬರೆಯುವುದು ಸಹಕಾರ್ಯದರ್ಶಿಯ ಕೆಲಸ. ಆ ವರ್ಷ ಆ ಹುದ್ದೆಯಲ್ಲಿದ್ದವಳು ಭಾತಂಬ್ರಾದ ಆಮ್ರಪಾಲಿ. ಹತ್ತು ವರ್ಷದ ವಕೀಲಿ, ಸಮಿತಿಯಲ್ಲಿ ಒಬ್ಬಳೇ ಹೆಂಗಸು. ಅಕ್ಷರ ದುಂಡಗಿವೆ ಎಂದು ಅವಳನ್ನು ಸೇರಿಸಿಕೊಂಡಿದ್ದರು. ಬಾಯಿಯೂ ಗಟ್ಟಿಯಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಜುಲೈನ ಒಂದು ಸೋಮವಾರ ಎಲ್ಲ ಸದಸ್ಯರ ತುರ್ತು ಸಭೆ ಕರೆದರು. ಕಾರಣ, ಔರಾದ ತಾಲೂಕಿನ ಚಿಂತಾಕಿಯ ಮುನ್ನಿಬೀ. ಹೊಲದ ಗಡಿಯ ಬಾಂದಿನ ಜಗಳದ ಮೇಲ್ಮನವಿಗಾಗಿ ಎರಡು ವರ್ಷದಿಂದ ಬಸ್ಸು ಬದಲಿಸಿಕೊಂಡು ಬೀದರಿಗೆ ಬರುತ್ತಿದ್ದವಳು. ಅವಳ ವಕೀಲ ಅಮಿತಕುಮಾರ ಮೂರು ತಾರೀಖಿಗೆ ಹಾಜರಾಗಲೇ ಇಲ್ಲ. ಮೇಲ್ಮನವಿ ವಜಾ ಆಯಿತು. ಅದು ತಿಳಿದ ದಿನ ಮುನ್ನಿಬೀ ಕೋರ್ಟಿನ ವರಾಂಡದಲ್ಲೇ ಅವನ ಕೊರಳಿನ ಬಿಳಿ ಬ್ಯಾಂಡ್ ಹಿಡಿದು ಜಗ್ಗಿದಳು. ಬ್ಯಾಂಡ್ ಹರಿಯಿತು, ಕರಿಕೋಟಿನ ಗುಂಡಿ ಕಿತ್ತುಬಂತು. ಅಮಿತಕುಮಾರ ದೂರು ಕೊಟ್ಟ. ಹಲ್ಲೆ, ಜೀವಬೆದರಿಕೆ ಎಂದು ಪ್ರಕರಣ ದಾಖಲಾಗಿ ಮುನ್ನಿಬೀ ಜೈಲು ಸೇರಿದಳು.

"ಇವತ್ತು ಅಮಿತಕುಮಾರ, ನಾಳಿ ನೀವು," ಎಂದರು ಸಂಘದ ಅಧ್ಯಕ್ಷ ಹಾವಗೆಪ್ಪ. "ಆ ಹೆಣ್ಮಗಳ ವಕಾಲತ್ತು ನಮ್ಮ ಸಂಘದವ್ರು ಯಾರೂ ಹಾಕಬಾರ್ದು. ಒಪ್ಪಿಗಿ ಇದ್ದವ್ರು ಕೈ ಎತ್ರಿ."

ಸಾಲುಸಾಲಾಗಿ ಕೈಗಳು ಎದ್ದವು.

"ಸರ್ವಾನುಮತ. ಬರ್ಕೋರಿ ತಂಗಿ."

ಆಮ್ರಪಾಲಿ ಪೆನ್ನು ಕೆಳಗಿಟ್ಟಳು. "ವಿರೋಧ ಯಾರದು ಅಂತ ನೀವು ಕೇಳೇ ಇಲ್ಲರಿ ಸರ್."

"ಯಾರದರಿ ವಿರೋಧ?"

"ನಂದದರಿ. ಸರ್ಕಾರದ ಕಾನೂನು ನೆರವಿನ ಪಟ್ಟಿದಾಗ ಇದ್ದವ್ರೂ ನಮ್ಮ ಸಂಘದವ್ರೇ. ಎಲ್ಲಾರೂ ಬಾಗಿಲ ಹಾಕ್ಕೊಂಡ್ರ ಆಕಿ ಯಾರ ಬಲ್ಲಿ ಹೋಗಬೇಕ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಮಿತಕುಮಾರ ಎದ್ದು ನಿಂತ. "ನಿಮ್ಮ ಕೊರಳಿಗಿ ಕೈ ಹಾಕಿದ್ರ ತಿಳೀತಿತ್ತು ನಿಮಗ."

"ಹಾಕಿದ್ರ ನಾನೂ ಕೇಸ್ ಮಾಡ್ತಿದ್ದೆ. ಆಕಿ ವಕೀಲರನ್ನ ಮಾತ್ರ ಕಸ್ಕೋತಿರ್ಲಿಲ್ಲ."

ಮತ್ತೆ ಪೆನ್ನು ತೆಗೆದುಕೊಂಡು ಅವಳು ಬರೆದಳು: ಒಬ್ಬ ಸದಸ್ಯರ ವಿರೋಧದೊಂದಿಗೆ ನಿರ್ಣಯ ಅಂಗೀಕಾರವಾಯಿತು.

ಸಭೆ ಮುಗಿದ ಮೇಲೆ ಹಾವಗೆಪ್ಪ ಅವಳನ್ನು ಒಳಗೆ ಕರೆದರು. ಅವರು ಕೆಟ್ಟವರಲ್ಲ. ಸನ್ನದು ಪಡೆದ ಹೊಸದರಲ್ಲಿ ಅವಳಿಗೆ ಕೂರಲು ಜಾಗವಿಲ್ಲದಾಗ ತಮ್ಮ ಆಫೀಸಿನಲ್ಲೇ ಒಂದು ಮೇಜು ಹಾಕಿಸಿಕೊಟ್ಟಿದ್ದರು.

"ಆ ಒಂದು ಸಾಲು ಹೊಡದ್ ಹಾಕ್ರಿ ತಂಗಿ. ಸಂಘ ಒಡದಂಗ ಕಾಣ್ತದ."

"ಹ್ಯಾಂಗ ಆತೋ ಹಂಗೇ ಬರದೀನ್ರಿ ಸರ್. ಹೊಡಿಯಾಂಗಿಲ್ಲ."

ಮರುದಿನ ಆಮ್ರಪಾಲಿ ವಕಾಲತ್ತಿನ ಕಾಗದ ಹಿಡಿದು ಜೈಲಿಗೆ ಹೋದಳು. ಸರಳಿನ ಆಚೆಯಿಂದ ಮುನ್ನಿಬೀ ಅವಳ ಕರಿಕೋಟನ್ನು ಅಪನಂಬಿಕೆಯಿಂದ ನೋಡಿದಳು.

"ನೀವೂ ಅವ್ರ ಸಂಘದವ್ರೇ ಅಲ್ಲೇನ್ರಿ ಬಾಯಿ?"

"ಹೌದ್ರಿ. ಅದಕ್ಕೇ ಬಂದೀನಿ."

ಮುನ್ನಿಬೀ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಮೂರನೆಯ ದಿನ ನ್ಯಾಯಾಧೀಶರು ಆರೋಪಿಯ ಪರ ಯಾರೆಂದು ಕೇಳಿದಾಗ ಆಮ್ರಪಾಲಿ ಎದ್ದು ನಿಂತಳು. ವಕೀಲರಿಂದ ತುಂಬಿದ್ದ ಕೋಣೆಯಲ್ಲಿ ಯಾರೂ ಅವಳ ಕಡೆ ನೋಡಲಿಲ್ಲ. ಸಂಜೆಯ ಹೊತ್ತಿಗೆ ಜಾಮೀನು ಸಿಕ್ಕಿತು.

ಸಂಘದ ಉತ್ತರ ತಡವಾಗಲಿಲ್ಲ. ನಿರ್ಣಯ ಮುರಿದ ಸಹಕಾರ್ಯದರ್ಶಿಯನ್ನು ಹುದ್ದೆಯಿಂದ ತೆಗೆಯಲು ಮೂರು ದಿನದಲ್ಲಿ ಸಭೆಯೆಂದು ನೋಟಿಸು ಬಂತು. ಆಮ್ರಪಾಲಿ ಸಂಘದ ಬೈಲಾ ತೆರೆದು ಹದಿನೈದು ದಿನದ ನೋಟಿಸು ಬೇಕೆಂಬ ನಿಯಮದ ಕೆಳಗೆ ಗೆರೆ ಎಳೆದು ಹಾವಗೆಪ್ಪನವರ ಮುಂದಿಟ್ಟಳು. ಅವರು ಸಭೆ ಮುಂದೂಡಿದರು.

ಆ ಹದಿನೈದು ದಿನ ಅವಳ ಮೇಜಿನ ಹತ್ತಿರ ಚಹಾಕ್ಕೂ ಯಾರೂ ಸುಳಿಯಲಿಲ್ಲ. ಒಂದು ಮಧ್ಯಾಹ್ನ ಮಾತ್ರ ಭಾಲ್ಕಿಯ ಹಿರಿಯ ವಕೀಲೆ ಲಲಿತಾಬಾಯಿ ಬಂದು ಎದುರು ಕೂತರು.

"ಅವತ್ತು ನಾನೂ ಕೈ ಎತ್ತಿದ್ನೆವ್ವ. ಯಾಕ ಎತ್ತಿದೆ ಅಂತ ನನಗೇ ತಿಳೀವಲ್ದು."

"ಈ ಸಲ ತಿಳ್ಕೊಂಡು ಎತ್ರಿ ಅಕ್ಕೋರ," ಎಂದಳು ಆಮ್ರಪಾಲಿ. ಲಲಿತಾಬಾಯಿ ಮುಖ ಸಣ್ಣದು ಮಾಡಿಕೊಂಡು ಎದ್ದುಹೋದರು. ಅಷ್ಟು ಬಿರುಸಾಗಿ ಅನ್ನಬಾರದಿತ್ತೇನೋ ಎಂದು ಅವಳಿಗೆ ದಿನವೆಲ್ಲ ಅನಿಸಿತು.

ಸಭೆಯ ದಿನ ಅವಳು ಕ್ಷಮೆ ಕೇಳುತ್ತಾಳೆಂದು ಬಹಳ ಮಂದಿ ಎಣಿಸಿದ್ದರು.

"ಅನುಭವ ಮಂಟಪ ನಮ್ಮ ಜಿಲ್ಲಾದಾಗ ಇತ್ತು ಅಂತ ಪ್ರತಿ ಭಾಷಣದಾಗ ಎದಿ ಉಬ್ಬಿಸ್ತೇವಿ," ಎಂದಳು. "ಅಲ್ಲಿ ಪ್ರಶ್ನಿ ಕೇಳಿದವ್ರನ್ನ ಹೊರಗ ಹಾಕ್ತಿದ್ರೇನ್ರಿ? ನಾನು ಮಾಡಿದ್ದು ವಕೀಲಿ. ತಪ್ಪು ಅಂತ ನಿಮಗ ಅನಿಸಿದ್ರ ತೆಗೀರಿ. ಮಾಫಿ ಮಾತ್ರ ಕೇಳಾಂಗಿಲ್ಲ."

ತೆಗೆಯಬೇಕೆಂದು ಮೂವತ್ತೆಂಟು ಕೈ ಎದ್ದವು. ಬೇಡವೆಂದು ಎಷ್ಟು ಜನ ಎಂದು ಹಾವಗೆಪ್ಪ ಈ ಸಲ ಕೇಳಲೇಬೇಕಾಯಿತು. ಮೊದಲು ಎದ್ದದ್ದು ಲಲಿತಾಬಾಯಿಯ ಕೈ. ಅದರ ಹಿಂದೆ ಒಂದೊಂದಾಗಿ ಇಪ್ಪತ್ತು.

ಆಮ್ರಪಾಲಿ ನಡಾವಳಿ ಪುಸ್ತಕ, ಮೊಹರು, ಕಪಾಟಿನ ಕೀಲಿಕೈ ಮೇಜಿನ ಮೇಲಿಟ್ಟಳು. "ನವೆಂಬರದಾಗ ಚುನಾವಣಿ ಅದಲ್ಲರಿ ಸರ್. ಅಧ್ಯಕ್ಷ ಸ್ಥಾನದ ಅರ್ಜಿ ಯಾರ ಬಲ್ಲಿ ಸಿಗ್ತದ್ರಿ?"

ನಾಮಪತ್ರ ಹಾಕಿ ಭಾಲ್ಕಿ, ಔರಾದಗಳಿಗೂ ಹೋಗಿ ಒಬ್ಬೊಬ್ಬ ವಕೀಲರನ್ನೂ ಕಂಡುಬಂದಳು. ಮತ ಕೈಬಿಟ್ಟು ಹೋಗುತ್ತವೆಂದು ಹೆದರಿದ ಹಾವಗೆಪ್ಪ ಅಕ್ಟೋಬರಿನಲ್ಲಿ ತಾವೇ ಸಭೆ ಕರೆದು, ಮುನ್ನಿಬೀಯ ವಕಾಲತ್ತು ಹಾಕಬಾರದೆಂಬ ನಿರ್ಣಯವನ್ನು ವಾಪಸು ತೆಗೆದರು. ಅದೇ ತಿಂಗಳು ಆಮ್ರಪಾಲಿಯ ಅರ್ಜಿಯ ಮೇಲೆ ಮುನ್ನಿಬೀಯ ಮೇಲ್ಮನವಿ ಮತ್ತೆ ವಿಚಾರಣೆಗೆ ಬಂತು.

ಚುನಾವಣೆಯಲ್ಲಿ ಅವಳು ಹಾವಗೆಪ್ಪನವರ ಎದುರು ಆರು ಮತಗಳಿಂದ ಸೋತಳು. ಹಾವಗೆಪ್ಪ ಪೇಡೆಯ ಡಬ್ಬಿ ಹಿಡಿದು ಅವಳ ಮೇಜಿಗೇ ಬಂದರು.

"ಮುಂದಿನ ಸಲ ಚುನಾವಣಿನೇ ಬ್ಯಾಡ ತಂಗಿ. ಎಲ್ಲಾರೂ ಕೂಡಿ ನಿಮ್ಮನ್ನೇ ಅವಿರೋಧ ಮಾಡೋಣಂತ."

ಆಮ್ರಪಾಲಿ ಒಂದು ಪೇಡೆ ತೆಗೆದುಕೊಂಡಳು.

"ಬ್ಯಾಡ್ರಿ ಸರ್. ನೀವು ಎದುರಿಗಿ ನಿಲ್ರಿ. ನಿಂತೇ ಗೆಲ್ತೇನಿ."