ಒಳಕ್ಕೆ ತೆರೆಯುವ ಬಾಗಿಲು

"ದಾನ ಕೊಟ್ಟ ಹಸುವಿನ ಹಲ್ಲು ಹಿಡಿದು ನೋಡ್ತೀಯಲ್ಲೇ ಮುದುಕಿ, ನಾಚಿಕೆ ಆಗಲ್ವಾ ನಿಂಗೆ?"

ಮೇಸ್ತ್ರಿ ಕೂಗಿದ್ದು ನನ್ನ ಅತ್ತೆಗೆ. ನಾನು ಎದುರು ಮನೆಯ ಗೋಡೆಗೆ ಪೈಪು ಹಿಡಿದು ನಿಂತಿದ್ದೆ. ಹೊಸ ಗೋಡೆಗಳಿಗೆ ನೀರು ಕುಡಿಸುವುದು ನನ್ನ ಕೂಲಿ. ಅತ್ತೆ, ನಮಗೆ ಸಿಗಲಿರುವ ಮನೆಯ ಕಬ್ಬಿಣದ ಬಾಗಿಲನ್ನು ಒಳಕ್ಕೆ ತಳ್ಳುವಳು, ಹೊರಕ್ಕೆ ಎಳೆಯುವಳು. ಅದು ಚೌಕಟ್ಟಿಗೆ ಬಡಿದು ನಿಲ್ಲುವುದು. ಮತ್ತೆ ತಳ್ಳುವಳು.

"ಇದು ಹೊರಗೆ ಬರಲ್ಲ," ಎಂದಳು.

"ಬಾಗಿಲು ಯಾಕೆ ಹೊರಗೆ ಬರ್ಬೇಕು? ನೀನು ಬಾ, ಸಾಕು."

ಗಾರೆ ಕಲಸುತ್ತಿದ್ದವರು ನಕ್ಕರು. ನನಗೂ ನಗು ಬಂತು. ಆಮೇಲೆ ಬರಬಾರದಿತ್ತು ಅನ್ನಿಸಿತು.

ಅಷ್ಟರಲ್ಲಿ ಜೇಬಪ್ಪ ಬಂದ. ಅವನು ಈ ಮನೆಗಳನ್ನು ಕಟ್ಟಿಸಿಕೊಡುತ್ತಿರುವ ಸಂಸ್ಥೆಯ ಸಾಹೇಬ. ಮೈತುಂಬ ಜೇಬುಗಳಿರುವ ಕೋಟು ಹಾಕುತ್ತಾನೆ. ಇಷ್ಟು ವರ್ಷಗಳಲ್ಲಿ ಅವುಗಳಿಂದ ಒಂದು ಬೆಂಕಿಪೊಟ್ಟಣವೂ ಹೊರಬಂದದ್ದನ್ನು ನಾವು ಕಂಡಿಲ್ಲ. ಜೇಬಪ್ಪ ಯಾರ ಮೇಲೂ ಕೂಗಾಡುವುದಿಲ್ಲ. ಮೊಣಕಾಲು ಮಡಿಸಿ ನಮ್ಮೆತ್ತರಕ್ಕೆ ಕೂತು ಮಾತಾಡುತ್ತಾನೆ. ಅತ್ತೆ ಅವನಿಗೆ ಹೇಳಿದಳು: ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಕೊಡಿ, ಇಲ್ಲವಾದರೆ ಬಾಗಿಲೇ ಬೇಡ, ಗೋಣಿತಾಟು ಕಟ್ಟಿಕೊಳ್ಳುತ್ತೇವೆ. ಅವನು ತಾಳ್ಮೆಯಿಂದ ವಿವರಿಸಿದ. ನಕ್ಷೆ ಬಂದಿರುವುದು ಮೇಲಿನಿಂದ. ಎಲ್ಲ ಕಡೆಯೂ ಇದೇ ಬಾಗಿಲು. ಮಳೆ ಗಾಳಿ ಇದೆ, ನಾಯಿ ನರಿ ಇದೆ.

"ಕಳ್ಳ ಬಂದ್ರೆ ಏನ್ ಮಾಡ್ತೀಯಜ್ಜಿ?"

"ಒಂದು ಪಾತ್ರೆ ಅವನಿಗೂ ಕೊಟ್ಟು ಕಳಿಸ್ತೀನಿ. ದಾನ ಮಾಡೋಕೆ ನಿಮಗೊಬ್ರಿಗೇ ಬರೋದಾ?"

ಜೇಬಪ್ಪ ನಕ್ಕು, ಅವಳ ಹೆಗಲು ತಟ್ಟಿ ಎದ್ದುಹೋದ. ಅವನು ಹೆಗಲು ತಟ್ಟಿದರೆ ಮಾತು ಮುಗಿಯಿತು ಎಂದರ್ಥ.

ನಮ್ಮ ತಗಡಿನ ಶೆಡ್ಡುಗಳ ಬೀದಿಯಲ್ಲಿ ಒಂದಕ್ಕೂ ಬಾಗಿಲಿಲ್ಲ. ಸಂಸ್ಥೆಯವರು ಮೊದಲ ವರ್ಷ ತಗಡಿನ ಕದ ಕೊಟ್ಟಿದ್ದರು. ಅವುಗಳ ಮೇಲೆ ನಾವು ಮೆಣಸಿನಕಾಯಿ ಒಣಗಿಸಿದೆವು. ಚಳಿಯಿದ್ದರೂ ತಲೆ ಒಳಗೆ, ಕಾಲು ಹೊಸ್ತಿಲಾಚೆ ಇಟ್ಟು ಮಲಗುತ್ತೇವೆ. ಭೂಮಿ ಮತ್ತೆ ಅಲುಗಿದರೆ ಯಾರಾದರೂ ಕಾಲು ಹಿಡಿದು ಎಳೆಯಬಹುದಲ್ಲ. ಬೆಳಗ್ಗೆ ಬೇಗ ಬಂದವರಿಗೆ ಬೀದಿಯ ಎರಡೂ ಬದಿಗೆ ಪಾದಗಳ ಸಾಲು ಕಾಣುತ್ತದೆ. ಹಿಂದೊಮ್ಮೆ ಫೋಟೋ ತೆಗೆಯಲು ಬಂದ ಹುಡುಗಿ ಅದನ್ನು ನೋಡಿ ಚೀರಿಕೊಂಡು ಓಡಿದ್ದಳು.

ನನ್ನ ಗಂಡ ಭೂಕಂಪಕ್ಕೂ ಮೊದಲೇ ಜ್ವರದಲ್ಲಿ ಹೋದ. ಉಳಿದವರು ಅತ್ತೆ, ನಾನು, ಮೈದುನ, ಮೈದುನನ ಹೆಂಡತಿ. ಭೂಮಿ ಅಲುಗಿದ ಬೆಳಗ್ಗೆ ನಾವು ಮೂವರೂ ಹೊರಗಿದ್ದೆವು, ಅವಳು ಒಳಗೆ. ಗೋಡೆ ಬಾಗಿಲಿನ ಹಿಂದೆ, ಒಳಬದಿಗೆ ಬಿತ್ತು. ಮೈದುನ ತಳ್ಳಿದ, ಭುಜ ಕೊಟ್ಟು ಗುದ್ದಿದ, ಬಾಗಿಲು ಬೆರಳು ತೂರುವಷ್ಟೂ ಸರಿಯಲಿಲ್ಲ. ಮಧ್ಯಾಹ್ನದವರೆಗೆ ಅವಳು ಒಳಗಿನಿಂದ ತಟ್ಟುತ್ತಿದ್ದಳು. ಆಮೇಲೆ ಉಗುರಿನಲ್ಲಿ ಗೀರುತ್ತಿದ್ದಳು.

ಅಂದಿನಿಂದ ಅತ್ತೆ ಸರಿಯಾಗಿ ಮಲಗಿಲ್ಲ. ಶೆಡ್ಡಿನ ಬಾಯಿಗೆ ಕಟ್ಟಿದ ಗೋಣಿತಾಟಿನ ಪಕ್ಕದಲ್ಲಿ ಕೂತು ತೂಕಡಿಸುತ್ತಾಳೆ.

ಸಂಸ್ಥೆ ನಮ್ಮನ್ನು ಬಿಟ್ಟುಹೋಗಲಿಲ್ಲ, ಅದನ್ನು ಹೇಳಲೇಬೇಕು. ಬೇರೆಯವರೆಲ್ಲ ಒಂದು ಮಳೆಗಾಲಕ್ಕೆ ಬಂದು ಹೋದರು. ಇವರು ನಿಂತರು. ಒಂದು ವರ್ಷ ಕಂಬಳಿ, ಒಂದು ವರ್ಷ ಆಡು, ಒಂದು ವರ್ಷ ಸೋಪು ಮಾಡುವ ತರಬೇತಿ. ನಾವು ಮಾಡಿದ ಸೋಪನ್ನು ನಾವೇ ಉಜ್ಜಿಕೊಂಡು ಮುಗಿಸಿದೆವು. ಪ್ರತಿ ವರ್ಷ ಹೊಸ ಮುಖಗಳು ಬಂದು, ಆ ದಿನ ಏನಾಯಿತು ಹೇಳಿ ಎನ್ನುತ್ತಿದ್ದವು. ಹೇಳುತ್ತಿದ್ದೆವು. ಹೇಳಿ ಹೇಳಿ ಅದು ನೆರೆಮನೆಯವರ ಕಥೆಯಂತಾಯಿತು. ಎಲ್ಲಿ ನಿಲ್ಲಿಸಿದರೆ ಅವರ ಕಣ್ಣು ತುಂಬುತ್ತದೆ ಎಂಬುದು ನಮಗೆ ಗೊತ್ತಾಗಿಬಿಟ್ಟಿತ್ತು.

ಮೈದುನ ಮಾತ್ರ ಹೇಳುತ್ತಿರಲಿಲ್ಲ. ಅವನಿಗೆ ವೆಲ್ಡಿಂಗ್ ಕಲಿಸಿದರು. ಕನ್ನಡಕ ಹಾಕಿ ಕಿಡಿಗಳ ನಡುವೆ ಕೂತ ಅವನ ಫೋಟೋ ಆಫೀಸಿನ ಗೋಡೆಯ ಮೇಲಿದೆ. ಜೇಬಪ್ಪ ಅವನನ್ನು 'ನಮ್ಮ ಹೀರೋ' ಎನ್ನುತ್ತಾನೆ. ಹೊಸ ಮನೆಗಳ ಕಬ್ಬಿಣದ ಬಾಗಿಲುಗಳೆಲ್ಲ ಮಾಡಿದ್ದು ಅವನೇ. ಒಳಕ್ಕೆ ತೆರೆಯುವ ಬಾಗಿಲುಗಳು. ಬೇರೆ ಕೆಲಸ ಇರಲಿಲ್ಲ, ಅವನು ಮಾಡಿದ. ಮನೆಗೆ ಬಂದು ಉಂಡು, ಗೋಡೆಗೆ ತಿರುಗಿ ಮಲಗುತ್ತಿದ್ದ. ಕಾಲು ಮಾತ್ರ ಹೊರಗೆ.

ಕೀಲಿ ಕೊಡುವ ದಿನ ಗೊತ್ತಾಯಿತು. ಮನೆಗಳಿಗೆ ಹಣ ಕೊಟ್ಟ ದೊಡ್ಡಮ್ಮನವರು ಬರುತ್ತಾರೆ. ಅದೇ ದಿನ ಶೆಡ್ಡುಗಳನ್ನು ಕಿತ್ತುಹಾಕುತ್ತಾರೆ. ಯಾರು ಕೀಲಿ ತೆಗೆದುಕೊಳ್ಳುವುದಿಲ್ಲವೋ ಅವರಿಗೆ ಮನೆಯೂ ಇಲ್ಲ, ರೇಷನ್ನೂ ಇಲ್ಲ. ಅತ್ತೆಯ ರಕ್ತದೊತ್ತಡದ ಮಾತ್ರೆಯೂ ಅವರಿಂದಲೇ ಬರುತ್ತಿತ್ತು.

"ನಾನು ಮರದ ಕೆಳಗೆ ಇರ್ತೀನಿ. ನೀವು ಹೋಗಿ," ಎಂದಳು ಅತ್ತೆ.

ಮಾತ್ರೆ ಇಲ್ಲದೆ ಎಷ್ಟು ದಿನ ಇರ್ತೀಯಾ ಎಂದು ನಾನು ಕೇಳಲಿಲ್ಲ. ಅವಳು ಲೆಕ್ಕ ಹಾಕಿಯೇ ಹೇಳಿದ್ದಳು.

ಹಿಂದಿನ ದಿನ ಪೂರ್ವಾಭ್ಯಾಸವಾಯಿತು. ಯಾರ ತಲೆಗೆ ಹೊಳೆದದ್ದೋ, ಮನೆಯವರು ಒಳಗಿರಬೇಕು, ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿರಬೇಕು. ದೊಡ್ಡಮ್ಮನವರು ಕೀಲಿ ತಿರುಗಿಸಿ ಬಾಗಿಲು ತಳ್ಳುತ್ತಾರೆ, ನಾವು ನಗುತ್ತ ಬೆಳಕಿಗೆ ಬರಬೇಕು. ಕ್ಯಾಮೆರಾದವನಿಗೆ ಇದು ಬಹಳ ಹಿಡಿಸಿತ್ತು. ನಮ್ಮದು ಸಾಲಿನ ಮೊದಲ ಮನೆ, ಹೀರೋ ಮನೆ.

ಅತ್ತೆ ಒಳಗೆ ಬರಲಿಲ್ಲ. ಮೇಸ್ತ್ರಿ ರಟ್ಟೆ ಹಿಡಿದು ತಂದ. "ಐದು ನಿಮಿಷದ ನಾಟಕಕ್ಕೆ ಪ್ರಾಣ ತೆಗೀತಾಳೆ ಮುಂಡೆ. ಬಿಟ್ಟಿ ಮನೆ ಬೇಕು, ಬಾಗಿಲು ಬೇಡ!"

ಜೇಬಪ್ಪ ಮೈದುನನಿಗೆ ಹೇಳಿದ, "ನೀನೇ ಹಾಕಪ್ಪ, ನಿನ್ನ ಕೈದೇ ಕೆಲಸ." ಮೈದುನ ಬಾಗಿಲು ಎಳೆದ. ಬೀಗ ಬಿದ್ದ ಸದ್ದು ಕೇಳಿತು.

ಕತ್ತಲು. ಹಸಿ ಬಣ್ಣದ ವಾಸನೆ. ಅತ್ತೆಯ ಕೈಗಾಗಿ ಹುಡುಕಿದೆ, ಸಿಗಲಿಲ್ಲ. ಅವಳು ಬಾಗಿಲ ಹತ್ತಿರ ಹೋಗಿದ್ದಳು. ಕೂಗಲಿಲ್ಲ. ಕಬ್ಬಿಣದ ಮೇಲೆ ಉಗುರು ಗೀರುವ ಸದ್ದು ಶುರುವಾಯಿತು. ಹೊರಗೆ ಮೈದುನನ ದನಿ, "ಸಾರ್, ತೆಗೀತೀನಿ." ಜೇಬಪ್ಪನ ದನಿ, "ಒಂದ್ ನಿಮಿಷ, ಕ್ಯಾಮೆರಾ ರೆಡಿ ಆಗ್ಲಿ." ಮತ್ತೆ ಮೈದುನ, "ಸಾರ್." ಮತ್ತೆ, "ಸಾರ್." ಉಗುರು ಗೀರುತ್ತಲೇ ಇತ್ತು.

ಬಾಗಿಲು ತೆರೆದಾಗ ಅತ್ತೆಯ ಸೀರೆ ಒದ್ದೆಯಾಗಿತ್ತು. ನೆಲದ ಮೇಲೆ ಹರಿದದ್ದು ಹೊಸ್ತಿಲು ದಾಟಿ ಬಂತು. ಕ್ಯಾಮೆರಾದವನು ಬೇರೆಡೆ ನೋಡಿದ.

"ನೆಲ ತೊಳೆದುಬಿಡಮ್ಮಾ," ಎಂದ ಜೇಬಪ್ಪ ನನಗೆ, ಮೆಲ್ಲಗೆ. "ನಾಳೆ ಅಜ್ಜಿಗೆ ಮೊದಲೇ ಹೊರಗೆ ಹೋಗಿಬರೋಕೆ ಹೇಳು. ಹಾಗೇ ಮನೆ ಮುಂದೆ ಕೆಸರಿದೆ ನೋಡು, ಹಲಗೆ ಹಾಕ್ಸಿ ಜಮಖಾನ ಹಾಸು. ಅವರ ಕಾಲಿಗೆ ಮಣ್ಣಾಗಬಾರದು."

ಸಂಜೆ ನಾನು ಆ ಸೀರೆ ಹಿಂಡುತ್ತಿದ್ದಾಗ ಮೈದುನ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಅತ್ತಿಗೆ, ನಾಳೆ ಬೆಳಗ್ಗೆ ಪೈಪು ಮುಚ್ಚಬೇಡಿ. ನೀರು ಹರೀತಾ ಇರಲಿ."

"ಹಲಗೆ ಸಾಲಲ್ಲ ಆಮೇಲೆ."

"ಹಲಗೆ ನಾನು ಕೊಡ್ತೀನಿ."

ಬೆಳಗ್ಗೆ ಜೇಬಪ್ಪ, ಮೇಸ್ತ್ರಿ ಇಬ್ಬರೂ ಹಾರ ಹಿಡಿದು ದೊಡ್ಡಮ್ಮನವರನ್ನು ಕರೆತರಲು ದೊಡ್ಡ ರಸ್ತೆಗೆ ಹೋದರು. ಅವರ ಜೀಪು ತಿರುವು ದಾಟಿದ್ದೇ ತಡ, ಮೈದುನ ಕಬ್ಬಿಣ ಕತ್ತರಿಸುವ ಗ್ರೈಂಡರಿನ ಗುಂಡಿ ಒತ್ತಿದ. ಮೊದಲು ನಮ್ಮ ಮನೆಯ ಬಾಗಿಲಿನ ಕೀಲುಗಳು. ಕಿಡಿ ಹಾರಿ ನೆಲಕ್ಕೆ ಬಿತ್ತು. ಅವನು ಯಾರನ್ನೂ ಕರೆಯಲಿಲ್ಲ. ಎರಡನೆಯ ಬಾಗಿಲಿಗೆ ಹೋದಾಗ ಆ ಮನೆಯ ದರ್ಜಿ ಸುಮ್ಮನೆ ಬಂದು ಬಾಗಿಲು ಬೀಳದಂತೆ ಹಿಡಿದುಕೊಂಡ. ಮೂರನೆಯದಕ್ಕೆ ಹೆಂಗಸರು ಬಂದರು. ಒಬ್ಬಳು ಮಾತ್ರ, ಮಕ್ಕಳ ರೇಷನ್ನಿಗೆ ಏನು ಮಾಡ್ತೀರ್ರೋ ಎಂದು ಅಳುತ್ತಲೇ, ಬಾಗಿಲ ಒಂದು ತುದಿಗೆ ಕೈ ಕೊಟ್ಟಳು. ಎಲ್ಲವನ್ನೂ ತಂದು ಕೆಸರಿನ ಮೇಲೆ ಸಾಲಾಗಿ ಮಲಗಿಸಿದೆವು. ಮೇಲೆ ಜಮಖಾನ ಹಾಸಿದೆವು. ಚೌಕಟ್ಟುಗಳಿಗೆ ಹಳೆಯ ಗೋಣಿತಾಟು ಕಟ್ಟಿದೆವು.

ದೊಡ್ಡಮ್ಮನವರು ವಯಸ್ಸಾದವರು, ಕೋಲೂರಿ ನಡೆಯುತ್ತಿದ್ದರು. ಜೇಬಪ್ಪ ಅವರ ಕಡೆಗೇ ಮುಖ ಮಾಡಿ, ಅಡ್ಡಡ್ಡ ನಡೆಯುತ್ತ, ವರ್ಷಗಳ ಕಥೆ ಹೇಳುತ್ತಿದ್ದ. ಜಮಖಾನದ ಕೆಳಗೆ ಠಣ್ ಠಣ್ ಎನ್ನುತ್ತಿತ್ತು. ಅರ್ಧ ದಾರಿಯಲ್ಲಿ ಅವನು ತಲೆಯೆತ್ತಿ ಮನೆಗಳತ್ತ ನೋಡಿದ, ಮಾತು ನಿಂತಿತು. ಆದರೆ ಕ್ಯಾಮೆರಾ ಓಡುತ್ತಿತ್ತು, ಕಾಲು ನಿಲ್ಲಿಸಲಾಗಲಿಲ್ಲ.

ದೊಡ್ಡಮ್ಮನವರು ನಮ್ಮ ಹೊಸ್ತಿಲ ಮುಂದೆ ಬಂದು, ರಿಬ್ಬನ್ನು ಕಟ್ಟಿದ ಕೀಲಿ ಚಾಚಿದರು. ಎಲ್ಲಿ ಹಾಕಬೇಕೋ ತಿಳಿಯಲಿಲ್ಲ.

"ಬಾಗಿಲೆಲ್ಲಿ?"

ಅತ್ತೆ ಹೊಸ್ತಿಲ ಮೇಲೆಯೇ ಕೂತಿದ್ದಳು.

"ಅದ್ರ ಮೇಲೇ ನಿಂತಿದ್ದೀರಿ ತಾಯಿ."

ಅವರು ಕೆಳಗೆ ನೋಡಿದರು. ಏನು ಅರ್ಥವಾಯಿತೋ, ಕೋಲಿನಿಂದ ಒಮ್ಮೆ ಜಮಖಾನವನ್ನು ತಟ್ಟಿದರು.

"ಯಾವ ಬೋಳಿಮಗ ಇದನ್ನ ಮಾಡಿದ್ದು?" ಜೇಬಪ್ಪನ ಆ ದನಿಯನ್ನು ನಾವು ಮೊದಲ ಸಲ ಕೇಳಿದ್ದು.

ಮೈದುನ ಗ್ರೈಂಡರು ಹಿಡಿದೇ ಮುಂದೆ ಬಂದ. "ನಾನೇ ಸಾರ್. ನೀವೇ ಕಲಿಸಿದ ಕೆಲಸ."

ದೊಡ್ಡಮ್ಮನವರನ್ನು ಅದೇ ಬಾಗಿಲುಗಳ ಮೇಲೆ ವಾಪಸು ನಡೆಸಿಕೊಂಡು ಹೋದರು. ಕೀಲಿ ಅವರ ಕೈಯಲ್ಲೇ ಉಳಿಯಿತು. ಅವರ ಹಿಂದೆ ಬಂದಿದ್ದ ರೇಷನ್ನಿನ ಲಾರಿ ಮೂಟೆ ಇಳಿಸದೆ ತಿರುಗಿತು. ಆಚೆ ಬೀದಿಯಲ್ಲಿ ಮಾತ್ರ ಕೆಲಸ ನಿಂತಿರಲಿಲ್ಲ. ನಮ್ಮ ಶೆಡ್ಡುಗಳ ತಗಡು ಒಂದೊಂದಾಗಿ ಬೀಳುವ ಸದ್ದು ಬರುತ್ತಿತ್ತು. ಈ ಮನೆ ನಮ್ಮದೋ ಅಲ್ಲವೋ, ಹೇಳುವವರು ಯಾರೂ ಇರಲಿಲ್ಲ. ಪೊಲೀಸರು ಬರುತ್ತಾರೆ ಎಂದು ಮೇಸ್ತ್ರಿ ಹೇಳಿ ಹೋಗಿದ್ದ. ಮೈದುನ ಗೋಡೆಗೆ ಒರಗಿ ಕೂತು ಅಂಗೈಯ ಸುಟ್ಟ ಕಲೆ ನೋಡಿಕೊಳ್ಳುತ್ತಿದ್ದ.

ಪೈಪು ಮುಚ್ಚಲು ಎದ್ದಾಗ ಗೊರಕೆ ಕೇಳಿತು. ಅತ್ತೆ ಬರೀ ನೆಲದ ಮೇಲೆ, ತಲೆ ಒಳಗೆ, ಕಾಲು ಹೊಸ್ತಿಲಾಚೆ ಚಾಚಿ ಮಲಗಿದ್ದಳು. ಕೆಸರು ನೀರು ಮೆಲ್ಲಗೆ ಏರುತ್ತ ಅವಳ ಹಿಮ್ಮಡಿಯನ್ನು ಮುಟ್ಟಿತ್ತು. ಎಬ್ಬಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.