ತಾಟಿನ ಮಗ್ಗುಲಿನ ನಾಲ್ಕು ಹೋಳು

ಗೊಳಸಂಗಿಯ ಕಾಶಿಬಾಯಿಯ ಮನೆಯಲ್ಲಿ ಬೇಳೆಗೆ ಉಪ್ಪು ಬೀಳದೆ ತಿಂಗಳಾಗಿತ್ತು. ಗಂಡ ರೇವಣಪ್ಪನಿಗೆ ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಎಂದು ಬಾಗೇವಾಡಿಯ ಡಾಕ್ಟರು ಹೇಳಿದ್ದೇ ತಡ, ಆಕೆ ಉಪ್ಪಿನ ಡಬ್ಬಿಯನ್ನೇ ಅಟ್ಟಕ್ಕೇರಿಸಿದ್ದಳು. ಗುಳಿಗೆಯೂ ಒಂದು ದಿನ ತಪ್ಪಿರಲಿಲ್ಲ. ಆದರೂ ಬಿಪಿ ಇಳಿಯಲೊಲ್ಲದು. ಹೋದ ವರ್ಷ ರೇವಣಪ್ಪನ ಅಣ್ಣ ಇದೇ ಬಿಪಿಯಿಂದ ಲಕ್ವ ಹೊಡೆದು ಮಾತು ಕಳಕೊಂಡಿದ್ದ. ಅದನ್ನು ನೆನೆದು ಕಾಶಿಬಾಯಿ ಗಂಡನನ್ನು ಸುಮ್ಮಸುಮ್ಮನೆ ಮಾತಿಗೆಳೆಯುತ್ತಿದ್ದಳು. ನಾಲಿಗೆ ಎಲ್ಲಾದರೂ ತೊದಲೀತೇನೋ ಎಂದು ಕಿವಿಗೊಡುತ್ತಿದ್ದಳು.

ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸ್ ಸಿದ್ದೀಕಾ ಮನೆಗೇ ಬಂದು ರೇವಣಪ್ಪನ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದಳು. ನೂರಾ ಎಪ್ಪತ್ತು. ಹಿಂದಿನ ಸಲಕ್ಕಿಂತ ಹೆಚ್ಚು. ಕಾಶಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಊಟದ ಹೊತ್ತಾಗಿತ್ತು. ದಿನವೂ ಏನು ತಿನ್ನುತ್ತಾರೋ ಅದನ್ನೇ ಬಡಿಸಿ ಎಂದಳು ಸಿದ್ದೀಕಾ. ಜೋಳದ ರೊಟ್ಟಿ, ಸಪ್ಪನೆ ಬೇಳೆ, ಮಗ್ಗುಲಿಗೆ ನಿಂಬೆಯ ನಾಲ್ಕು ದಪ್ಪ ಹೋಳು. ಸಪ್ಪನೆಯದು ಗಂಟಲಲ್ಲಿ ಇಳಿಯದೆಂದು ಕಾಶಿಬಾಯಿಯೇ ಕಕ್ಕುಲಾತಿಯಿಂದ ಹಾಕುತ್ತಿದ್ದುದು.

"ಇದೇನ್ರಿ ಕಾಕಾ?" ಸಿದ್ದೀಕಾ ಹೋಳು ತೋರಿಸಿ ಕೇಳಿದಳು.

"ಉಪ್ಪಿನಕಾಯಿ. ನಿಮ್ಮ ಮನ್ಯಾಗ ಹಾಕೂದಿಲ್ಲೇನು?"

"ಇನ್ನೊಮ್ಮಿ ಅನ್ರಿ. ಸಾವಕಾಶ."

"ಉಪ್ಪಿನ..." ರೇವಣಪ್ಪ ಅಲ್ಲಿಗೇ ನಿಂತ.

ಸೋಲಲು ಮನಸ್ಸಿಲ್ಲದೆ, ಅದು ಬರೀ ಹುಳಿ, ಖಾರ, ನಮ್ಮಪ್ಪ ತೊಂಬತ್ತರವರೆಗೂ ತಿಂದಿದ್ದಾನೆ ಎಂದು ವಾದಕ್ಕಿಳಿದ. ಸಿದ್ದೀಕಾ ಆತನ ಕಡೆ ನೋಡದೆ, ಎಷ್ಟು ಉಪ್ಪು ಹಾಕಿದಿರಿ ಎಂದು ಕಾಶಿಬಾಯಿಯನ್ನು ಕೇಳಿದಳು.

"ನೂರು ನಿಂಬಿಗೆ ಒಂದು ಸೇರು," ಎಂದಳು ಕಾಶಿಬಾಯಿ, ತಾಟಿನ ಹೋಳುಗಳನ್ನೇ ನೋಡುತ್ತ.

ಅಜ್ಜಿಯರ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ ಅಡಗಿರುತ್ತದೆ. ಇಲ್ಲಿ ಬಿಪಿಯ ಜೀವ ತಾಟಿನಲ್ಲೇ ಕುಳಿತಿತ್ತು.

"ನನ್ನ ಕೈಯಾರೆ ನಾನ ಬಡಿಸೇನಿ."

"ಪ್ರೀತೀಲೆ ಬಡಿಸೀರಿ ಚಿಗವ್ವ. ಅದಕ್ಕ ಯಾರಿಗೂ ಗೊತ್ತಾಗಲಿಲ್ಲ."

ಇಡೀ ದಿನಕ್ಕೆ ಒಬ್ಬರಿಗೆ ಎಲ್ಲಾ ಸೇರಿ ಒಂದು ಸಣ್ಣ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡ, ಹಪ್ಪಳ, ಸಂಡಿಗೆ, ಚಟ್ನಿಪುಡಿಯೂ ಅದೇ ಲೆಕ್ಕ ಎಂದು ಸಿದ್ದೀಕಾ ತಿಳಿಸಿದಳು. ರುಚಿಗೆ ಹಸಿ ನಿಂಬೆ ಹಿಂಡಿ, ಉಳ್ಳಾಗಡ್ಡಿ ಕಡಿಯಿರಿ, ಗುಳಿಗೆ ಮಾತ್ರ ಬಿಡಬೇಡಿ ಎಂದಳು. ರೇವಣಪ್ಪ ಗೊಣಗುತ್ತಲೇ ಹೋಳುಗಳನ್ನು ತೆಗೆದಿಟ್ಟ.

ಮೂರು ವಾರಕ್ಕೆ ಬಿಪಿ ನೂರಾ ನಲವತ್ತೆರಡಕ್ಕೆ ಇಳಿದಿದೆ. ಇನ್ನೂ ಇಳಿಯಬೇಕು. ಕಾಶಿಬಾಯಿಯ ಹೆದರಿಕೆ ಪೂರಾ ಹೋಗಿಲ್ಲ, ಆದರೆ ಈಗ ಆಕೆಗೆ ಎಲ್ಲಿ ಕಣ್ಣಿಡಬೇಕೆಂದು ಗೊತ್ತು.

ಅಕ್ಕಂದಿರೇ, ತಾಯಂದಿರೇ, ಬಿಪಿ ಹೇಳಿ ಕೇಳಿ ಬರುವುದಿಲ್ಲ. ಮೂವತ್ತು ದಾಟಿದವರೆಲ್ಲ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಿ. ಇವತ್ತು ಊಟಕ್ಕೆ ಬಡಿಸುವಾಗ, ನಿಮ್ಮವರಿಗೆ ಏನು ಬಡಿಸುತ್ತಿದ್ದೀರಿ ಎಂದು ಒಮ್ಮೆ ನೋಡಿ.